ಕೀಲೆಣ್ಣೆ

ಭಾದ್ರಪದ ಹಿಡಿದು ಎರಡು ದಿನವಾಗಿತ್ತು. ನಾಲ್ಕು ದಿನ ಒಂದೇ ಸಮನೆ ಹೊಯ್ದ ಮಳೆ ಬುಧವಾರ ಬೆಳಿಗ್ಗೆ ಹೊಳವಾಗಿ, ಕೊರ್ಲಿಮ್ಮಿನ ಆ ಕಾರಖಾನೆಯ ಮುಂದಿನ ಹುಲ್ಲು ಮೊಣಕಾಲಮಟ್ಟ ಬೆಳೆದದ್ದು ಎಲ್ಲರ ಕಣ್ಣಿಗೆ ಒಮ್ಮೆಲೇ ಬಿತ್ತು. ಮರುದಿನ ಮುಂಬಯಿಯಿಂದ ದೊಡ್ಡ ಸಾಹೇಬರು ಬರುವವರಿದ್ದರು. ಹುಲ್ಲು ಕೊಯ್ಯುವ ಸಣ್ಣ ಟ್ರ್ಯಾಕ್ಟರು, ಮಡಗಾಂವದ ಯಾವುದೋ ಬಂಗಲೆಯವರು ಸಾಕಾಗಿ ಮಾರಿದ್ದು, ಕ್ಯಾಂಟೀನಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಮೂತಿ ಎತ್ತಿಕೊಂಡು ನಿಂತಿತ್ತು. ಗೂಡುಸಾಬ ಅದರ ಮುಂದಿನ ಗಾಲಿಗಳ ನಡುವೆ ಜಾಕು ಕೊಟ್ಟು, ಕೆಳಗೆ ಗೋಣಿತಟ್ಟು ಹಾಸಿ, ಪಾನಾ, ಸುತ್ತಿಗೆ, ಸೀಮೆಎಣ್ಣೆಯ ಡಬ್ಬಿ ಎಲ್ಲ ಕೈಗೆ ಸಿಗುವಂತೆ ಇಟ್ಟುಕೊಂಡು ಕೂತಿದ್ದ. ಕಾರಖಾನೆಯ ಯಂತ್ರಗಳ ಎಣ್ಣೆ, ಗ್ರೀಸು, ಸಣ್ಣಪುಟ್ಟ ರಿಪೇರಿ ಎಲ್ಲ ಅವನದೇ. ಕೂತವನು ಕೆಲಸಕ್ಕೆ ಕೈ ಹಾಕದೆ ಬೀಡಿ ಹಚ್ಚಿದ್ದನ್ನು ಕಂಡು, ಆ ಟ್ರ್ಯಾಕ್ಟರು ನಡೆಸಲು ಹೊಸದಾಗಿ ಬಂದ ದೇವಪ್ಪ ಶೆಡ್ಡಿನ ಕಂಬಕ್ಕೆ ಬೆನ್ನು ಕೊಟ್ಟು ನಕ್ಕ.

"ಮುಹೂರ್ತ ನೋಡಾಕತ್ತೀರೇನ್ರಿ ಉಸ್ತಾದ?"

"ಬೀಡಿ ಮುಗೀಲಿ."

"ನಿಮ್ಮ ಬೀಡಿ ಮುಗಿಯೂದ್ರೊಳಗ ಹುಲ್ಲು ಆಫೀಸಿನೊಳಗ ಹೊಕ್ಕು ಕುರ್ಚಿ ಮ್ಯಾಲ ಕುಂಡ್ರತೈತಿ ನೋಡ್ರಿ. ಇದು ಸ್ಟೇರಿಂಗ್ ಅಲ್ಲ, ಕ್ವಾಣದ ಕೋಡು. ದಾಬೋಲಿಮದಾಗ ಮೂರು ವರ್ಷ ಕಾಂಕ್ರೀಟಿನ ಗಾಡಿ ನೂಕಿದ ತೋಳು ಇವು. ಇವಕ್ಕೂ ಬಗ್ಗವಲ್ದು ಅಂದ್ರ ಏನ ಹೇಳೂದು!"

ದೇವಪ್ಪ ತೋಳು ಮಡಚಿ ತೋರಿಸಿದ. ಮೂವತ್ತರ ಗಂಡಸಿನ ತೋಳು. ಚರ್ಮದ ಕೆಳಗೆ ಗಟ್ಟಿ ಉಂಡೆಯೊಂದು ಎದ್ದು ಕೂತಿತು. ಗೂಡುಸಾಬ ಅದನ್ನು ನೋಡಲೊಲ್ಲದೆ ಬೀಡಿಯ ತುದಿ ನೋಡಿದ. ಈ ತೋಳು ಸುಳ್ಳು ಹೇಳುವುದಿಲ್ಲ ಎಂಬುದು ಅವನಿಗೆ ಒಂದು ವಾರದಿಂದ ಗೊತ್ತಿತ್ತು. ದೇವಪ್ಪ ಮೊದಲ ಸಲ ಗಾಡಿ ಭಾರ ಎಂದಾಗ "ರೂಢಿ ಇಲ್ಲ ನಿನಗ" ಎಂದಿದ್ದ. ಎರಡನೇ ಸಲ ಅಂದಾಗ "ನೆಲ ಹಸಿ ಐತಿ" ಎಂದಿದ್ದ. ಇವತ್ತು ಮ್ಯಾನೇಜರು ದೇಸಾಯಿ ಸಾಹೇಬನೇ ಶೆಡ್ಡಿನ ತನಕ ಬಂದು, ಸಂಜೆಯೊಳಗೆ ಬಿಚ್ಚಿ ಸರಿಮಾಡು ಎಂದು ಹೇಳಿ ಹೋದ ಮೇಲೆ ಅನ್ನಲು ಮತ್ತೇನೂ ಉಳಿದಿರಲಿಲ್ಲ. ಬಿಚ್ಚಿದರೆ ಒಳಗೆ ಏನಿದೆಯೋ ಅದು ಕಾಣಿಸುತ್ತದೆ.

ಜಾಕು ಕೊಡುವ ಮೊದಲು ಟಾಯರುಗಳ ಗಾಳಿ ಒತ್ತಿ ನೋಡಿದ್ದ. ಗಾಳಿ ಕಡಿಮೆ ಇದ್ದರೂ ಸ್ಟೇರಿಂಗು ಬಿಗಿಯುತ್ತದೆ. ಹಾಗಿದ್ದರೆ ಎಷ್ಟು ಚಲೋ ಇತ್ತು. ಗಾಳಿ ಬರೋಬರಿ ಇತ್ತು. ಇನ್ನು ಸ್ಟೇರಿಂಗಿನ ದಂಡಿಗೆಯ ಬುಡದಲ್ಲಿ ಹಲ್ಲುಗಾಲಿ ಸವೆದಿರಬಹುದು. ಅದು ಹಳೆಯ ಮಾಲು, ಸವೆಯುವುದು ಅದರ ಧರ್ಮ, ಅದಕ್ಕೆ ಯಾರೂ ಜವಾಬುದಾರರಲ್ಲ. ಬೀಡಿ ಹೊಸಕಿ ಹಾಕಿ, ಗಾಲಿಗಳಿಗೂ ದಂಡಿಗೆಗೂ ನಡುವೆ ಇರುವ ಸರಳಿನ ನಟ್ಟು ಬಿಚ್ಚಿದ. ಸರಳು ಕೆಳಗೆ ಬಿತ್ತು. ಎದ್ದು ನಿಂತು ಸ್ಟೇರಿಂಗಿಗೆ ಒಂದು ಬೆರಳು ತಾಗಿಸಿದ. ಅದು ಮಕ್ಕಳ ಬುಗುರಿಯಂತೆ ಗಿರ್ರನೆ ತಿರುಗಿತು. ದೇವಪ್ಪ, "ಅರೇ, ಹೂವಾತಲ್ರಿ!" ಎಂದ. ಗೂಡುಸಾಬ ಮಾತ್ರ ಸ್ಟೇರಿಂಗಿನಿಂದ ಕೈ ತೆಗೆದ. ಮೇಲಿನದೆಲ್ಲ ಹಗುರ ಇದ್ದರೆ ಭಾರ ಇರುವುದು ಕೆಳಗೆ, ಗಾಲಿಯ ಹತ್ತಿರ. ಮುಂದಿನ ಗಾಲಿ ಎಡಕ್ಕೆ ಬಲಕ್ಕೆ ಹೊರಳುವುದು ನೆಟ್ಟಗೆ ನಿಂತ ಒಂದು ಕಬ್ಬಿಣದ ಗೂಟದ ಮೇಲೆ, ಕಿಂಗ್‌ಪಿನ್ ಅನ್ನುತ್ತಾರೆ. ಅದರ ಸುತ್ತಲಿನ ಲೋಹದ ಬಳೆಗೆ, ಅಂದರೆ ಬುಶ್ಶಿಗೆ, ಗ್ರೀಸು ಹೋಗಲು ಕಡಲೆಕಾಳಿನಷ್ಟು ದೊಡ್ಡ ನಿಪ್ಪಲ್ಲೊಂದು ಇರುತ್ತದೆ. ಶನಿವಾರಕ್ಕೊಮ್ಮೆ ಆ ನಿಪ್ಪಲ್ಲಿಗೆ ಗನ್ನು ಹಚ್ಚಿ ಗ್ರೀಸು ಹೊಡೆಯುವ ಕೈ ಯಾರದೆಂದು ಇಡೀ ಕಾರಖಾನೆಗೆ ಗೊತ್ತು.

"ನೀ ಹೋಗಿ ಚಹಾ ಕುಡದು ಬಾ," ಎಂದ ದೇವಪ್ಪನಿಗೆ.

"ಕ್ಯಾಂಟೀನದಾಗ ಗೋಮಿಬಾಯಿ ಇನ್ನೂ ಒಲೀನೇ ಹಚ್ಚಿಲ್ಲ."

"ಹಚ್ಚೂತನಕ ಅಲ್ಲೇ ಕುಂಡ್ರು. ಬೆಳಕಿಗೆ ಅಡ್ಡ ನಿಂತೀ."

ದೇವಪ್ಪ ಹೋದ ಮೇಲೆ ಗೂಡುಸಾಬ ಗೋಣಿತಟ್ಟಿನ ಮೇಲೆ ಮಲಗಿ ಬಲಗಾಲಿಯ ಒಳಮಗ್ಗುಲಿಗೆ ಕತ್ತು ಹೊರಳಿಸಿದ. ನಿಪ್ಪಲ್ಲು ಹಸಿರಾಗಿ ಕಂಡಿತು. ಟ್ರ್ಯಾಕ್ಟರೇ ಹಸಿರು, ಅದರ ಮೈಯ ಒಂದು ಗುಳ್ಳೆಯ ಹಾಗೆ ಇದೂ ಹಸಿರು. ಶನಿವಾರ ಶನಿವಾರ ಕಂಡದ್ದೇ. ಹೆಬ್ಬೆರಳಿನ ಉಗುರಿನಿಂದ ಕೆರೆದ. ಬಣ್ಣ ಹಪ್ಪಳದಂತೆ ಎದ್ದು ಬಂತು, ಒಂದರ ಕೆಳಗೊಂದು ಎರಡು ಪದರ. ಕೆಳಗಿನ ತೂತಿನೊಳಗೆ, ಗ್ರೀಸಿನ ಒತ್ತಡಕ್ಕೆ ಒಳಗೆ ಸರಿಯಬೇಕಾದ ಸಾಸಿವೆಯಷ್ಟು ಗುಂಡು, ಬಣ್ಣದಲ್ಲೇ ಹೂತು ಕಲ್ಲಾಗಿತ್ತು. ಎಡಗಾಲಿಯದನ್ನೂ ಕೆರೆದು ನೋಡಿದ. ಅದೂ ಹಾಗೆಯೇ.

ಹೋದ ವರ್ಷ ದಸರೆಯ ಖಂಡೆಪೂಜೆಗೆ ಬಳಿದದ್ದು. ಕಾರಖಾನೆಯ ಎಲ್ಲ ಯಂತ್ರಗಳನ್ನು ತೊಳೆದು, ಒರೆಸಿ, ಬಣ್ಣ ಕೊಟ್ಟು, ಚೆಂಡುಹೂವಿನ ಮಾಲೆ ಹಾಕಿ ನಿಲ್ಲಿಸುವುದು ಗೂಡುಸಾಬನ ಜಿಮ್ಮೆ. ಪೂಜೆ ಮಾಡುವವರು ಬೇರೆ, ಸಿಂಗಾರ ಮಾಡುವವ ಅವನು. ಊರಲ್ಲಿದ್ದಾಗ ಕಾರಹುಣ್ಣಿಮೆಗೆ ಬಾಲಪ್ಪ ಕಾಕಾನ ಎತ್ತುಗಳ ಕೋಡಿಗೆ ಬಣ್ಣ ಹಚ್ಚಿ ಕಲಿತ ಕೈ ಅದು. ಒಂದು ಚುಕ್ಕೆ ಕಬ್ಬಿಣ ಕಾಣಬಾರದು ಎಂಬ ಹಟದಲ್ಲಿ ಕುಂಚ ಹೋದಲ್ಲೆಲ್ಲ ಬಳಿದಿದ್ದ. ದೇಸಾಯಿ ಸಾಹೇಬ ಬಂದು, ಹೊಸದು ತಂದಿರೇನೋ ಎಂದು ಚೇಷ್ಟೆ ಮಾಡಿದಾಗ ಅವನ ಎದೆ ಗೇಣು ಉಬ್ಬಿತ್ತು. ಅದಾದ ಮೇಲಿನ ಶನಿವಾರ ಗನ್ನು ಹಚ್ಚಿ ಒತ್ತಿದರೆ ಗ್ರೀಸು ಒಳಗೆ ಹೋಗದೆ ಬದಿಗೆ ಉಕ್ಕಿ ಬಂದಿತ್ತು. ಹೊಟ್ಟೆ ತುಂಬಿದೆ, ಅದಕ್ಕೇ ಒಲ್ಲೆನ್ನುತ್ತದೆ ಅಂದುಕೊಂಡು ಚಿಂದಿಯಿಂದ ಒರೆಸಿ ಎದ್ದಿದ್ದ. ಮುಂದಿನ ಶನಿವಾರವೂ ಒರೆಸಿದ. ಹತ್ತು ತಿಂಗಳು ಒರೆಸಿದ. ಅದೇ ಬಾಲಪ್ಪ, ದೇವಪ್ಪನಿಗಿಂತ ಮೊದಲು ಇಲ್ಲಿ ದಿನಾ ಈ ಗಾಡಿ ನಡೆಸುತ್ತಿದ್ದವ, ಚೈತ್ರದಲ್ಲೇ ಒಮ್ಮೆ ಹೇಳಿದ್ದ: "ಗೂಡು, ಇದು ಒದರಾಕತ್ತೈತಿ. ಕೀಲೆಣ್ಣಿ ಮುಟ್ಟವಲ್ದು ಅನಸ್ತೈತೋ." ಕ್ಯಾಂಟೀನಿನ ಮುಂದೆ, ನಾಲ್ಕು ಜನ ಕೇಳುವಂತೆ, ಗೂಡುಸಾಬ ನಕ್ಕಿದ್ದ. "ಕಾಕಾ, ಇದು ನಿನ್ನ ಚಕ್ಕಡಿ ಅಲ್ಲ, ಹರಳೆಣ್ಣಿ ಹಚ್ಚಿ ನೂಕಾಕ. ಇದರ ಲೆಕ್ಕ ಬ್ಯಾರೇ ಐತಿ." ಬಾಲಪ್ಪನೂ ನಕ್ಕು, "ಹಂಗೇನು? ಇರಬೇಕಪಾ, ನಾವು ಓದದವರು," ಎಂದು ಗಾಡಿ ಹತ್ತಿ ಹೋಗಿದ್ದ. ಓದಿದ್ದು ಗೂಡುಸಾಬನೂ ನಾಲ್ಕನೇ ಇಯತ್ತೆಯೇ.

ಸೀಮೆಎಣ್ಣೆ ಹೊಯ್ದು ಕಿಂಗ್‌ಪಿನ್ನಿನ ತಲೆಗೆ ಕಟ್ಟಿಗೆಯ ತುಂಡು ಆನಿಸಿ ಸುತ್ತಿಗೆಯಿಂದ ಬಡಿಯತೊಡಗಿದ. ಬರಲೊಲ್ಲದು. ಇನ್ನಷ್ಟು ಎಣ್ಣೆ ಹೊಯ್ದು ಕಾದ. ಕಾಯುವಾಗ ಕೈಗೆ ಕೆಲಸವಿಲ್ಲದೆ ಮನಸ್ಸು ಆ ದಿನಕ್ಕೇ ಹೋಗಿ ಬಡಿದುಕೊಂಡಿತು. ಮಿರಗದ ಮಳೆ ಬಿದ್ದ ವಾರ. ಆಫೀಸಿನ ಮುಂದಿನ ತಿರುವಿನಲ್ಲಿ ಬಾಲಪ್ಪ ಎರಡೂ ಕೈಯಿಂದ ಸ್ಟೇರಿಂಗು ಹಿಡಿದು, ಕಾಲು ಊರಿ, ಹೊಲದಲ್ಲಿ ಹಟಮಾರಿ ಎತ್ತಿನ ಕೊರಳು ಎಳೆದ ಹಾಗೆ ಎಳೆದರೂ ಗಾಲಿ ಹೊರಳದೆ, ಗಾಡಿ ನೆಟ್ಟಗೆ ಹೋಗಿ ಹೊಸ ಕಾರಂಜಿಯ ಕಟ್ಟೆಗೆ ಹಾಯಿತು. ಯಾರಿಗೂ ಏನೂ ಆಗಲಿಲ್ಲ. ಕಟ್ಟೆಯ ನಾಲ್ಕು ಕಲ್ಲು ಉರುಳಿದವು. ದೇಸಾಯಿ ಸಾಹೇಬ ಹೊರಗೆ ಬಂದ. ಗೇಟಿನ ವಾಚಮನ್ ಪುಂಡಲೀಕ ಛತ್ರಿ ಹಿಡಿದು ಓಡಿ ಬಂದ. ಗೋಮಿಬಾಯಿ ಕೈಯಲ್ಲಿ ತೊಳೆಯುತ್ತಿದ್ದ ಪಾತೇಲಿ ಹಿಡಿದೇ ನಿಂತಳು. ಸಾಹೇಬ ಗೂಡುಸಾಬನನ್ನು ಕರೆದು ಕೇಳಿದ್ದು ಇಷ್ಟೇ: "ಬೋಲ್. ಗಾಡಿ ಖರಾಬ್, ಕಿ ಆದ್ಮಿ ಖರಾಬ್?"

ಒಂದು ಕ್ಷಣ ಇತ್ತು. ಆ ಕ್ಷಣದಲ್ಲಿ ಬಗ್ಗಿ ಗಾಲಿಯನ್ನು ಕೈಯಿಂದ ಹೊರಳಿಸಿ ನೋಡಬಹುದಿತ್ತು. ನೋಡುವುದು ಮಿಸ್ತ್ರಿಯ ಕೆಲಸ. ಬಗ್ಗಲಿಲ್ಲ. ಗಾಡಿ ಖರಾಬು ಅಂದರೆ ಗ್ರೀಸು ಹೊಡೆಯುವವ ಯಾರು ಎಂಬ ಮುಂದಿನ ಪ್ರಶ್ನೆ ಅಲ್ಲೇ ನಿಂತಿತ್ತು. "ಗಾಡಿ ಬರೋಬರಿ ಐತ್ರಿ ಸಾಹೇಬ್ರ. ಕಾಕಾನ ತೋಳಿನಾಗ ಕಸುವು ಹೋಗೇತಿ. ವಯಸ್ಸಾತಲ್ರಿ." ಬಾಲಪ್ಪ ಎದುರು ವಾದಿಸಿದ್ದರೆ ಗೂಡುಸಾಬ ಇನ್ನಷ್ಟು ಜೋರಾಗಿ ಅಂದು ಗೆದ್ದುಬಿಡುತ್ತಿದ್ದ, ಗೆದ್ದದ್ದು ಇಷ್ಟು ದಿನಕ್ಕೆ ಮರೆತೂ ಹೋಗುತ್ತಿತ್ತು. ಅವನು ವಾದಿಸಲಿಲ್ಲ. ಮಳೆಯಲ್ಲಿ ನೆನೆಯುತ್ತ ತನ್ನ ಬಲತೋಳನ್ನು, ಬೇರೆ ಯಾರದೋ ಒಡವೆ ಎಂಬಂತೆ, ಮೇಲಿಂದ ಕೆಳಗೆ ನೋಡಿದ. "ಖರೇನ ಇದ್ದೀತು," ಎಂದ. ಮರುದಿನ ಹಾಜರಿ ಪುಸ್ತಕದಲ್ಲಿ ಅವನ ಹೆಸರಿರಲಿಲ್ಲ.

ಹನ್ನೊಂದರ ಸುಮಾರಿಗೆ ಪಿನ್ನು ಕೀರಲು ದನಿ ತೆಗೆಯುತ್ತ ಹೊರಗೆ ಬಂತು. ಅರಶಿನ ಮೆತ್ತಿದ ಹಾಗೆ ಇಡೀ ಮೈಗೆ ತುಕ್ಕು, ಜಂಗು. ಅಷ್ಟರಲ್ಲಿ ತಿರುಗಿ ಬಂದ ದೇವಪ್ಪ ಅದನ್ನು ಕೈಯಲ್ಲಿ ಹಿಡಿದು ಉರುಳಿಸಿ, "ಒಂದು ಹನಿ ಎಣ್ಣಿ ಕಂಡಿಲ್ಲಲ್ರಿ ಇದು!" ಎಂದ. ಗೂಡುಸಾಬ ಪಾಲಿಶ್ ಕಾಗದ ಅವನ ಕೈಗೆ ಕೊಟ್ಟು ತಿಕ್ಕಲು ಹಚ್ಚಿದ. ತಾನು ಬುಶ್ಶಿನೊಳಗೆ ಚಿಂದಿ ಸುತ್ತಿದ ಕಡ್ಡಿ ತೂರಿ ಎಳೆದೆಳೆದು ಒರೆಸಿದ. ಹಳೆಯ ನಿಪ್ಪಲ್ಲು ಎರಡೂ ಬಿಚ್ಚಿ ಮೋರಿಗೆ ಎಸೆದ. ಎಸೆದದ್ದನ್ನು ದೇವಪ್ಪ ನೋಡಿದನೋ ಎಂದು ಓರೆಗಣ್ಣಿನಿಂದ ನೋಡಿದ. ಅವನು ಪಿನ್ನು ತಿಕ್ಕುತ್ತ ಯಾವುದೋ ಹಾಡು ಗುನುಗುತ್ತಿದ್ದ. ಹೊಸ ನಿಪ್ಪಲ್ಲು ಕೂಡಿಸಿ, ಪಿನ್ನು ಇಳಿಸಿ, ಗನ್ನು ಹಚ್ಚಿ ಒತ್ತಿದಾಗ ಬುಶ್ಶಿನ ಕೆಳಗಿನ ಅಂಚಿನಿಂದ ಗ್ರೀಸು ಶಾವಿಗೆಯ ಎಳೆಯಂತೆ ಸುತ್ತಲೂ ಇಳಿಯಿತು. ಎಷ್ಟು ಸುಲಭಕ್ಕೆ ಇಳಿಯಿತು ಎಂದರೆ ಅವನಿಗೆ ಅದನ್ನು ನೋಡುತ್ತ ಕೂಡ್ರಲು ಆಗಲಿಲ್ಲ.

ಮೂರಕ್ಕೆ ದೇವಪ್ಪ ಗಾಡಿ ಹೊರಗೆ ತೆಗೆದ. ಹುಲ್ಲಿನ ಮೇಲೆ ಒಂದು ಸುತ್ತು ಹೊಡೆದು, ಕಾರಂಜಿಯ ತಿರುವಿನಲ್ಲಿ ಒಂದೇ ಕೈಯಿಂದ ಹೊರಳಿಸಿ, ಇನ್ನೊಂದು ಕೈಯನ್ನು ಪುಢಾರಿಯಂತೆ ಬೀಸಿದ. ದೇಸಾಯಿ ಸಾಹೇಬ ಮೆಟ್ಟಿಲ ಮೇಲೆ ನಿಂತು ನೋಡಿ ಖುಷಿಯಾದ.

"ಕಿತೆಂ ರೇ ಗೂಡು, ಏನಾಗಿತ್ತು ಅದಕ್ಕೆ?"

ಗೂಡುಸಾಬ ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತ, "ಜಂಗ್ ಹಿಡದಿತ್ರಿ ಸಾಹೇಬ್ರ. ಮಳಿ ನೀರು," ಎಂದ.

"ಅಂದರೆ ಮುದುಕನಿಗೂ ಜಂಗು, ಗಾಡಿಗೂ ಜಂಗು!"

ಸಾಹೇಬ ನಕ್ಕ. ಗಾಡಿ ನಿಲ್ಲಿಸಿ ಕೇಳುತ್ತಿದ್ದ ದೇವಪ್ಪನೂ ನಕ್ಕ, ಸಾಹೇಬ ನಕ್ಕದ್ದಕ್ಕೆ. ಗೂಡುಸಾಬನೂ ನಕ್ಕ. ತನ್ನ ನಗೆ ತನ್ನ ಕಿವಿಗೆ ಬಿದ್ದ ಮೇಲೆ ಅದು ತುಸು ಹೆಚ್ಚೇ ಆಯಿತೆನಿಸಿ, ಅರ್ಧಕ್ಕೆ ಕೆಮ್ಮಿದ.

ಸಂಜೆ ಮನೆಯ ದಾರಿ ಬಿಟ್ಟು ಬಾಲಪ್ಪನ ಖೋಲಿಯ ಕಡೆ ಹೊರಳಿದ. ಜೂನಿನಿಂದ ಈಚೆಗೆ ಅತ್ತ ಹೋಗಿರಲಿಲ್ಲ, ಹೆಂಡತಿ ಜೈನಬ ಎರಡು ಸಲ ಹೋಗಿ ಬಂದು, "ಕಾಕಾ ಅಂಗಳದಾಗ ಸುಮ್ನ ಕುಂತಿರತಾನ. ನೀವ್ಯಾಕ ಹೋಗವಲ್ರಿ?" ಎಂದಿದ್ದಳು. ಪುರಸೊತ್ತಿಲ್ಲ ಅಂದಿದ್ದ. ಬಾಲಪ್ಪ ಹೊರಗೆ ಕಟ್ಟೆಯ ಮೇಲೆ ಅಂಗಿ ಬಿಚ್ಚಿ ಕೂತಿದ್ದ. ಹೆಂಡತಿ ಸಾವಂತ್ರೆವ್ವ ಉಪ್ಪಿನ ಗಂಟನ್ನು ಹಂಚಿನ ಮೇಲೆ ಕಾಯಿಸಿ ಅವನ ಬಲಭುಜಕ್ಕೆ ಒತ್ತುತ್ತಿದ್ದಳು. ಎಕ್ಕದೆಲೆಯ, ಸುಟ್ಟ ಎಣ್ಣೆಯ ವಾಸನೆ.

"ಯಾರು, ಗೂಡು? ಬಾರೋ, ಬಾ. ಹಾದಿ ತಪ್ಪಿ ಬಂದ್ಯೇನು?" ಬಾಲಪ್ಪ ಎಡಗೈಯಿಂದ ಕಟ್ಟೆ ಒರೆಸಿ ಜಾಗ ಮಾಡಿದ. "ನೋಡು, ಮಾಪ್ಸಾದಿಂದ ಒಬ್ಬ ಎಲುಬಿನ ವೈದ್ಯ ಬರತಾನ, ಗುರುವಾರಕ್ಕೊಮ್ಮೆ. ನರ ಒಣಗ್ಯಾವ ಅಂದ. ಈಗ ತಂಬಿಗಿ ಎತ್ತಿದ್ರೂ ನಡಗತೈತಿ. ನೀ ಅವತ್ತ ಹೇಳಿದ್ದು ಚಲೋ ಆತು. ಬ್ಯಾರೆ ಯಾವನರ ಆಗಿದ್ರ ಮುಚ್ಚಿಡತಿದ್ದ, ನಾ ಇನ್ನೊಂದ್ಸಲ ಮಂದಿ ಮ್ಯಾಲೇ ಹಾಯಸ್ತಿದ್ದೆ. ಸಾವಂತ್ರಿ, ಗೂಡುಗ ಚಹಾ ಇಡು."

"ಸಕ್ರಿ ಇಲ್ಲ. ಬೆಲ್ಲದ್ದು ಕುಡೀತಾನೇನು ಕೇಳ್ರಿ, ಈಗ ಕಂಪನಿ ಮಂದಿ," ಎಂದಳು ಸಾವಂತ್ರೆವ್ವ, ಕಣ್ಣೆತ್ತದೆ.

ಗೂಡುಸಾಬ ಕೂಡ್ರಲಿಲ್ಲ. ಹೇಗೆ ಶುರು ಮಾಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳು ಈ ಬಾರೋ ಬಾ ಎಂಬುದರ ಮುಂದೆ ನಿಲ್ಲಲಿಲ್ಲ. "ಕಾಕಾ, ಇವತ್ತ ಗಾಡಿ ಬಿಚ್ಚಿದೆ," ಎಂದ. ಮುಂದೆ ತಾನಾಗಿ ಬಂತು. ಖಂಡೆಪೂಜೆಯ ಬಣ್ಣ, ನಿಪ್ಪಲ್ಲು, ಜಂಗು, ದೇವಪ್ಪನ ತೋಳಿಗೂ ಬಗ್ಗದ್ದು, ಗ್ರೀಸು ಹೊಡೆದ ಮೇಲೆ ಒಂದು ಕೈಗೆ ಹೊರಳಿದ್ದು. "ನಿನ್ನ ತೋಳಿಗೆ ಏನೂ ಆಗಿರಲಿಲ್ಲ ಕಾಕಾ. ಗಾಡಿ ಕೆಟ್ಟಿತ್ತು. ಕೆಡಸಿದಾಂವ ನಾ." ಸಾವಂತ್ರೆವ್ವನ ಕೈ ಉಪ್ಪಿನ ಗಂಟಿನ ಸಮೇತ ಭುಜದ ಮೇಲೇ ನಿಂತಿತು. ಬಾಲಪ್ಪ ಸುಡುತ್ತಿದೆ ಎಂದೂ ಅನ್ನಲಿಲ್ಲ.

"ಮತ್ತ ಈ ನೋವು?" ಎಂದು ಬಾಲಪ್ಪ ಕೇಳಿದ. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ. "ಮೂರು ತಿಂಗಳು ರಾತ್ರಿ ಮಗ್ಗಲಾ ಬದಲಿಸಿದ್ದು ಎದಕ್ಕ?"



ಬಾಲಪ್ಪ ಎದ್ದ. ಬಾಗಿಲ ಬಳಿ ನಲ್ಲಿಯಿಂದ ತುಂಬಿ ತಂದಿಟ್ಟ ತಾಮ್ರದ ಕೊಡದ ಕಂಠಕ್ಕೆ ಬಲಗೈ ಹಾಕಿದ. "ಏ, ಬ್ಯಾಡ್ರಿ," ಎಂದಳು ಸಾವಂತ್ರೆವ್ವ. ಕೊಡ ನೆಲ ಬಿಟ್ಟಿತು. ಮೊಣಕಾಲಿಗೆ ಬಂತು, ಟೊಂಕಕ್ಕೆ ಬಂತು, ಅಲ್ಲಿ ಒಮ್ಮೆ ತೂಗಾಡಿ ನೀರು ಚೆಲ್ಲಿತು. ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ನಿಂತ. ತೋಳು ನಡುಗುತ್ತಿತ್ತು, ಆದರೆ ಕೊಡ ಬೀಳಲಿಲ್ಲ. ಗೂಡುಸಾಬನ ಮುಖವನ್ನು ನೋಡುತ್ತಲೇ ಅದನ್ನು ಮೆಲ್ಲಗೆ ಇಳಿಸಿ, ಪಂಚೆಗೆ ಕೈ ಒರೆಸಿಕೊಂಡ. "ಒಲಿ ಆರಸು ಸಾವಂತ್ರಿ. ಚಹಾ ಬ್ಯಾಡ," ಎಂದ.

"ತಪ್ಪಾತು ಕಾಕಾ."

"ನನ್ನ ಮುಂದ ಹೇಳಿದ್ರ ಏನು ಬಂತು? ನನ್ನ ಕಿವ್ಯಾಗ ಹೇಳಿದ್ದೇನು ಅವತ್ತ?" ಬಾಲಪ್ಪನ ದನಿ ಏರಲಿಲ್ಲ. ಊರ ಚಾವಡಿಯಲ್ಲಿ ಹಿರಿಯರು ಸಾಲಾಗಿ ಕೂತು ಮಾತಾಡುವ ದನಿ ಅದು. ಗೂಡುಸಾಬ ಹುಡುಗನಿದ್ದಾಗ ಬೇವಿನ ಮರದ ಮರೆಗೆ ನಿಂತು ಕೇಳಿದ್ದ. "ನಾಕು ಮಂದ್ಯಾಗ ಆಡಿದ ಮಾತು ನಾಕು ಮಂದ್ಯಾಗ ಹೊಳ್ಳಿ ತಗೋಬೇಕು. ಹಿಂದೂ ಇರ್ಲಿ, ಮುಸಲ್ಮಾನ ಇರ್ಲಿ, ನಮ್ಮೂರಾಗ ಇದು ಒಂದೇ. ಯಾರ್ಯಾರ ಇದ್ರು ಅವತ್ತ?"

"ಸಾಹೇಬ. ಗೋಮಿಬಾಯಿ. ವಾಚಮನ್ ಪುಂಡಲೀಕ."

"ಮತ್ತ ನಾ. ನಂದು ಆತು. ಉಳದವ್ರ ಮುಂದ ಹೇಳು, ಅದಽ ಮಾತು, ಅದಽ ಜಾಗಾದಾಗ ನಿಂತು."

"ಮತ್ತ ಇವರ ಕೆಲಸ?" ಸಾವಂತ್ರೆವ್ವ ನಡುವೆ ಬಂದಳು. "ಬಾಯಿ ಮಾತು ಹೊಳ್ಳಿ ತಗೊಂಡ್ರ ಅಕ್ಕಿ ಡಬ್ಬಿ ತುಂಬತೈತೇನು? ನಾ ನಾಕು ಮನಿ ಭಾಂಡಿ ತಿಕ್ಕತೇನಿ ಅಂತ ಯಾರೂ ಕೇಳವಲ್ರು."

"ಅದು ಆಮ್ಯಾಲಿನ ಮಾತು. ನೀ ಸುಮ್ನಿರು."

ಮರುದಿನ ಗೂಡುಸಾಬ ಕಾರಂಜಿಯ ಹತ್ತಿರ ಹೋಗಿ ನಿಂತ. ಎಷ್ಟು ಬೇಗ ನಿಂತನೆಂದರೆ ಕಲ್ಲುಗಳ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ದೊಡ್ಡ ಸಾಹೇಬರ ಕಾರು ಬರುವುದರೊಳಗೆ ಮುಗಿಸಬೇಕು ಎಂದು ಒಂದು ಮನಸ್ಸು, ಅವರು ಬಂದು ಗದ್ದಲವಾಗಿ ಇವತ್ತು ತಪ್ಪಿಹೋಗಲಿ ಎಂದು ಇನ್ನೊಂದು. ಗೋಮಿಬಾಯಿಯನ್ನು ಕರೆದ, ಅವಳು ಸೆರಗಿಗೆ ಕೈ ಒರೆಸುತ್ತ ಬಂದು, "ಏನೋ, ಬೆಳಗಾಮುಂಜೇಲೆ ಲಗ್ನದ ಕರಿಯೋಲೆ ಕೊಡವರ ಹಂಗ ನಿಂತೀ?" ಎಂದಳು. ದೇಸಾಯಿ ಸಾಹೇಬ ಸ್ಕೂಟರು ನಿಲ್ಲಿಸಿ ಬರುತ್ತಿದ್ದಂತೆ ಗೂಡುಸಾಬ ಅಡ್ಡ ನಿಂತು, ಒಂದೇ ಉಸಿರಿಗೆ ಹೇಳಿದ. ಜೂನಿನಲ್ಲಿ ಇಲ್ಲಿ ನಿಂತು ಆಡಿದ್ದು ಸುಳ್ಳು. ಆದ್ಮಿ ಖರಾಬ್ ಅಲ್ಲ. ಗಾಡಿ ಖರಾಬ್. ಖರಾಬ್ ಮಾಡಿದ್ದು ತನ್ನ ಬಣ್ಣ.

ಸಾಹೇಬ ಗಡಿಯಾರ ನೋಡಿದ. "ಈಗ ಸರಿ ಇದೆಯಲ್ಲ ಗಾಡಿ?"

"ಐತ್ರಿ."

"ಮತ್ತೆ ಈಗ ಯಾಕೆ ಹೇಳುತ್ತಿ? ಮುದುಕನನ್ನು ತಿರುಗಿ ತಗೊಳ್ಳಲೇ? ದೇವಪ್ಪನನ್ನು ಎಲ್ಲಿ ಹಾಕಲಿ? ನಿನ್ನ ತಪ್ಪಿಗೆ ಅವನ ಹೊಟ್ಟೆ ಕೊಯ್ಯಲೇ?"

ಟ್ರ್ಯಾಕ್ಟರಿನ ಮೇಲೆ ಕೂತ ದೇವಪ್ಪ ಎಂಜಿನ್ನು ಬಂದ್ ಮಾಡಿ ಇತ್ತಲೇ ನೋಡುತ್ತಿದ್ದ. ನಿನ್ನೆಯ ನಗೆ ಇರಲಿಲ್ಲ. ಗೂಡುಸಾಬ ಆ ಮುಖವನ್ನು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ. "ನನ್ನ ಹೆಸರು ಬೇಕಾರ ಹಾಜರಿಯಿಂದ ತಗೀರಿ," ಎಂದ. "ನಿನ್ನ ಹೆಸರು ತೆಗೆದರೆ ಯಂತ್ರ ಯಾರು ನೋಡುತ್ತಾರೆ, ನಾನೇ?" ಎಂದು ಸಾಹೇಬ ಮೆಟ್ಟಿಲು ಹತ್ತಿದ. ಬಾಗಿಲ ಹತ್ತಿರ ನಿಂತು, "ದಸರೆಯ ಮುಂದೆ ಹೊಸ ಹಾಜರಿ ಬರೆಯುತ್ತೇವೆ. ಗಾರ್ಡನ್ನಿಗೆ ಇನ್ನೊಬ್ಬ ಬೇಕಾದರೆ ನೋಡೋಣ," ಎಂದು ಒಳಗೆ ಹೋದ. ನೋಡೋಣ ಎಂಬುದರಲ್ಲಿ ಎಷ್ಟು ಹೌದು ಎಷ್ಟು ಇಲ್ಲ ಎಂದು ತಿಳಿಯದೆ ಗೂಡುಸಾಬ ನಿಂತೇ ಇದ್ದ. ಗೋಮಿಬಾಯಿ ಹೋಗುತ್ತ ಹೋಗುತ್ತ ಅಂದಳು: "ಗಾಡಿ ನಮ್ಮ ಕ್ಯಾಂಟೀನ ಮುಂದ ಹಾದ್ರ ಹಂದಿ ಒದರಿದಂಗ ಒದರತಿತ್ತಪಾ. ಕಿವಿ ಇದ್ದವರಿಗೆಲ್ಲ ಗೊತ್ತಿತ್ತು." ಗೊತ್ತಿದ್ದೂ ಅವತ್ತು ನೀನ್ಯಾಕೆ ಸುಮ್ಮನಿದ್ದೆ ಎಂದು ಕೇಳಬೇಕೆನಿಸಿತು. ಕೇಳುವ ಬಾಯಿ ತನ್ನದಲ್ಲ ಎಂದೂ ಅನಿಸಿತು.

ಗೇಟಿಗೆ ಹೋದರೆ ಅಲ್ಲಿ ಬೇರೆ ಯಾರೋ ವಾಚಮನ್. ಪುಂಡಲೀಕ ಚವತಿಗೆಂದು ನಿನ್ನೆಯೇ ಸತ್ತರಿ ತಾಲೂಕಿನ ತನ್ನ ಹಳ್ಳಿಗೆ ಹೋಗಿದ್ದ. ಅವನ ಮನೆಯಲ್ಲಿ ಏಳು ದಿನದ ಗಣಪತಿ, ಕಳಿಸಿಯೇ ಬರುವವನು.

ಸಂಜೆ ಮತ್ತೆ ಸಣ್ಣಗೆ ಹನಿಯುತ್ತಿತ್ತು. ಬಾಲಪ್ಪ ಖೋಲಿಯ ಮುಂದೆ ಕಟ್ಟಿಗೆ ಒಡೆಯುತ್ತಿದ್ದ, ಸಣ್ಣ ಸಣ್ಣ ಏಟು, ನಡುನಡುವೆ ನಿಂತು ಭುಜ ಹಿಚುಕಿಕೊಳ್ಳುತ್ತ. ಗೂಡುಸಾಬ ಬಂದದ್ದನ್ನು ಕಂಡು ಕೊಡಲಿ ಇಳಿಸಿದ.

"ಹೇಳಿದ್ಯಾ?"

"ಹೇಳಿದೆ. ಸಾಹೇಬನ ಮುಂದ, ಗೋಮಿಬಾಯಿ ಮುಂದ. ದೇವಪ್ಪನೂ ಕೇಳಿದ. ಕೆಲಸದ್ದು ದಸರಿ ಮುಂದ ನೋಡೂಣು ಅಂದ ಸಾಹೇಬ."

ಒಳಗೆ ಸಾವಂತ್ರೆವ್ವನ ಬಳೆಯ ಸದ್ದು ನಿಂತಿತು. ಬಾಲಪ್ಪ ಕೆಲಸದ ಮಾತು ಎತ್ತಲಿಲ್ಲ.

"ಪುಂಡಲೀಕ?"

"ಊರಿಗೆ ಹೋಗ್ಯಾನ, ಚವತಿಗೆ. ಬರೂದು ಏಳೆಂಟು ದಿನ ಆಗತೈತಿ."

ಬಾಲಪ್ಪ ಒಡೆದ ಕಟ್ಟಿಗೆಯನ್ನು ಮಳೆಗೆ ನೆನೆಯದಂತೆ ಒಂದೊಂದಾಗಿ ಎತ್ತಿ ಬಾಗಿಲೊಳಗೆ ಒಟ್ಟಿದ. ಕೊನೆಯದನ್ನು ಇಟ್ಟು ಹೊಸ್ತಿಲ ಮೇಲೆ ನಿಂತ.

"ಹಂಗಾರ ಎಂಟು ದಿನ ಬಿಟ್ಟು ಬಾ," ಎಂದು ಒಳಗೆ ಹೋದ.